ಉಪ್ಪುನೀರಿನ ಟ್ಯಾಂಕಿನಲ್ಲಿ ಮೀನಿಗೆ ಕಾಯಿಲೆ: ಲಕ್ಷಣ ಹಿಡಿದು ಕಾರಣ ಪತ್ತೆ ಮಾಡುವ ಕ್ರಮ

ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಒಂದು ಮೀನು ಮಂಕಾಯಿತೆಂದರೆ ನಡೆಯುವುದು ಬಹುಮಟ್ಟಿಗೆ ಒಂದೇ ಕಥೆ. ಅಂಗಡಿಗೆ ಫೋನ್ ಹೋಗುತ್ತದೆ, "ಬಿಳಿ ಚುಕ್ಕೆ ಇರಬೇಕು" ಎಂಬ ಉತ್ತರ ಬರುತ್ತದೆ, ಸಂಜೆಯೊಳಗೆ ನೀಲಿ ಔಷಧಿಯ ಬಾಟಲಿ ಮನೆಗೆ ಬಂದು ಅರ್ಧ ಮುಚ್ಚಳದಷ್ಟು ಟ್ಯಾಂಕಿಗೆ ಬೀಳುತ್ತದೆ. ಆ ನೀಲಿ ಔಷಧಿ, ಅಂದರೆ ಮಿಥಿಲೀನ್ ಬ್ಲೂ, ಫಿಲ್ಟರಿನಲ್ಲಿದ್ದುಕೊಂಡು ಅಮೋನಿಯವನ್ನು ಕರಗಿಸುವ ಬ್ಯಾಕ್ಟೀರಿಯಾಗಳಿಗೇ ಪೆಟ್ಟು ಕೊಡುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ಒಂದು ಮೀನಿನ ಕಾಯಿಲೆ ಇಡೀ ಟ್ಯಾಂಕಿನ ಕಾಯಿಲೆಯಾಗಿರುತ್ತದೆ. ಆ ಬಾಟಲಿಯ ಮುಚ್ಚಳ ತೆರೆಯುವ ಮುನ್ನ ಏನೇನು ನೋಡಬೇಕು, ಯಾವುದನ್ನು ಮೊದಲು ನೋಡಬೇಕು ಎಂಬುದನ್ನು ಇಲ್ಲಿ ಹೇಳಲಾಗಿದೆ.

ನನ್ನ ಮನಸ್ಸಿನಲ್ಲಿರುವುದು 150ರಿಂದ 300 ಲೀಟರಿನ, ಕಲ್ಲು ಮತ್ತು ಮೀನು ಮಾತ್ರ ಇರುವ ಟ್ಯಾಂಕ್: ಒಂದು ಜೋಡಿ ಕ್ಲೌನ್, ಎರಡು ಮೂರು ಡ್ಯಾಮ್ಸೆಲ್, ಒಂದು ಟ್ಯಾಂಗ್, ಕಸ ತಿನ್ನಲು ಒಂದು ಸೀಗಡಿ, ನಾಲ್ಕು ಬಸವನಹುಳು. ಬಂಡೆ ಕಟ್ಟುವ ಹವಳಗಳೂ ಕಡಲ್ಗುದುರೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಅವುಗಳ ಮಾತು ಇಲ್ಲಿಲ್ಲ.

ಮೊದಲ ಹತ್ತು ನಿಮಿಷ: ಕೈ ಕಟ್ಟಿ ಕೂತು ನೋಡುವುದು

ಖರ್ಚಿಲ್ಲದ ಪರೀಕ್ಷೆ ಇದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಟ್ಯಾಂಕಿನಿಂದ ಒಂದೆರಡು ಅಡಿ ದೂರದಲ್ಲಿ ಅಲುಗಾಡದೆ ಕೂರಬೇಕು. ಹತ್ತಿರ ಹೋದರೆ ಮೀನು ಊಟದ ಆಸೆಗೆ ಮುಂದೆ ಬಂದು ಚುರುಕಾಗಿರುವಂತೆ ತೋರಿಸಿಕೊಳ್ಳುತ್ತದೆ, ಇಲ್ಲವೇ ಹೆದರಿ ಅಡಗುತ್ತದೆ. ಎರಡರಿಂದಲೂ ನಿಜ ತಿಳಿಯುವುದಿಲ್ಲ. ಕಿವಿರು ಮುಚ್ಚಳ ತೆರೆದು ಮುಚ್ಚುವುದನ್ನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ನಿಮಿಷದ ಉಸಿರಾಟದ ಲೆಕ್ಕ ಸಿಗುತ್ತದೆ. ಜಾತಿಯಿಂದ ಜಾತಿಗೆ ಇದು ಬೇರೆಯಾದ್ದರಿಂದ ಮೀನು ಆರೋಗ್ಯವಾಗಿರುವಾಗಲೇ ಒಮ್ಮೆ ಎಣಿಸಿ ಬರೆದಿಟ್ಟುಕೊಂಡವರು ಜಾಣರು. ಹಾಗೆ ಬರೆದಿಡದಿದ್ದರೆ, ವಿಶ್ರಾಂತಿಯಲ್ಲಿರುವ ಸಣ್ಣ ಮೀನಿನ ಉಸಿರು ನಿಮಿಷಕ್ಕೆ 120 ದಾಟಿದೆಯೆಂದರೆ ಅದನ್ನು ಏದುಸಿರೆಂದೇ ಇಟ್ಟುಕೊಳ್ಳಬಹುದು.

ಆಮೇಲೆ ಎರಡು ಪ್ರಶ್ನೆ. ತೊಂದರೆ ಒಂದು ಮೀನಿಗೋ, ಎಲ್ಲಕ್ಕೋ? ಸೀಗಡಿ, ಬಸವನಹುಳುಗಳು ಹೇಗಿವೆ? ಎಲ್ಲ ಮೀನುಗಳೂ ಒಂದೇ ಹೊತ್ತಿನಲ್ಲಿ ಬಳಲಿದ್ದರೆ ತಪ್ಪು ನೀರಿನದು. ಜೊತೆಗೆ ಸೀಗಡಿಯೂ ಮಗ್ಗುಲಾಗಿ ಬಿದ್ದಿದ್ದರೆ ನೀರಿಗೆ ವಿಷ ಸೇರಿದೆಯೇ ಎಂಬುದೇ ಮೊದಲ ಅನುಮಾನವಾಗಬೇಕು. ಸೀಗಡಿ ಎಂದಿನಂತೆ ಕಲ್ಲು ಕೆರೆಯುತ್ತಿದ್ದು ಮೀನುಗಳು ಮಾತ್ರ ಒಂದೊಂದಾಗಿ, ಒಂದೆರಡು ದಿನಗಳ ಅಂತರದಲ್ಲಿ ಮಂಕಾಗುತ್ತಿದ್ದರೆ ಅದು ಮೀನಿನಿಂದ ಮೀನಿಗೆ ಹರಡುವ ಪರಾವಲಂಬಿಯ ನಡಿಗೆ. ಇಷ್ಟು ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕಾಯಿಲೆಯಲ್ಲದ ಕೆಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕ್ಲೌನ್ ಮೀನು ರಾತ್ರಿ ಮೂಲೆಯಲ್ಲಿ ವಾಲಿಕೊಂಡು ಮಲಗುವುದುಂಟು. ಎಷ್ಟೋ ಜಾತಿಯ ರಾಸ್ ಮೀನುಗಳು ದೀಪ ಆರಿದೊಡನೆ ಮರಳಿನೊಳಗೆ ಹೂತುಕೊಳ್ಳುತ್ತವೆ. ಹೊಸದಾಗಿ ತಂದದ್ದಾದರೆ ಎರಡು ಮೂರು ದಿನ ಹೊರಗೆ ಬರದೆಯೂ ಇರಬಹುದು. ಟ್ಯಾಂಗ್ ಮೀನಿನ ಬಣ್ಣ ಕತ್ತಲಲ್ಲಿ ಮಾಸಿ ಮಚ್ಚೆಮಚ್ಚೆಯಾಗುತ್ತದೆ. ನಡುರಾತ್ರಿ ಟಾರ್ಚ್ ಹಾಕಿ ನೋಡಿ ಗಾಬರಿಯಾದವರು ಬೆಳಗ್ಗೆ ದೀಪ ಹತ್ತಿ ಅರ್ಧ ಗಂಟೆಯಾದ ಮೇಲೆ ಮತ್ತೊಮ್ಮೆ ನೋಡಬೇಕು.

ಎಲ್ಲ ಮೀನುಗಳೂ ಮೇಲೆ ಬಂದು ಬಾಯಿ ತೆರೆಯುತ್ತಿವೆ

ನೀರಿಗೆ ಕೈ ಹಾಕುವ ಮೊದಲು ಟ್ಯಾಂಕಿನ ಎಲ್ಲ ಪ್ಲಗ್‌ಗಳನ್ನೂ ತೆಗೆಯಬೇಕು. ಉಪ್ಪುನೀರು ಸಿಹಿನೀರಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಬಿರುಕು ಬಿಟ್ಟ ಒಂದು ಹೀಟರ್ ಮೀನಿಗೂ ಅಪಾಯ, ಕೈ ಹಾಕುವವರಿಗೂ ಅಪಾಯ. ಟ್ಯಾಂಕಿನ ಸಾಲಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಕರೆಂಟ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಹಾಕಿಸುವುದನ್ನು ಮುಂದಿನ ವಾರಕ್ಕೆ ತಳ್ಳಬಾರದು. ಹೀಟರ್, ಪಂಪು ನೋಡಿ ಸರಿಯಿದೆಯೆಂದು ಕಂಡ ಮೇಲೆ ಪಂಪನ್ನು ತಡಮಾಡದೆ ಚಾಲೂ ಮಾಡಬೇಕು.

ಮೊದಲ ಅನುಮಾನ ಆಮ್ಲಜನಕದ ಮೇಲೆ. 26 ಡಿಗ್ರಿ ಸೆಲ್ಸಿಯಸ್‌ನ ಉಪ್ಪುನೀರು ಲೀಟರಿಗೆ ಹೆಚ್ಚೆಂದರೆ 6.7 ಮಿಲಿಗ್ರಾಂ ಆಸುಪಾಸು ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ; ಅದೇ ಬಿಸಿಯ ಸಿಹಿನೀರು ಸುಮಾರು 8 ಮಿಲಿಗ್ರಾಂ ಹಿಡಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಟ್ಯಾಂಕಿನ ನೀರು 30 ಡಿಗ್ರಿ ಮುಟ್ಟಿದರೆ ಇರುವಷ್ಟೂ ಇನ್ನಷ್ಟು ಇಳಿಯುತ್ತದೆ, ಅದೇ ಹೊತ್ತಿಗೆ ಮೀನಿನ ಮೈಗೆ ಬೇಕಾಗುವುದು ಹೆಚ್ಚುತ್ತದೆ. ಹೀಗಾಗಿ ಮೂರು ಗಂಟೆ ಕರೆಂಟ್ ಹೋಗಿ ಪವರ್‌ಹೆಡ್, ಅಂದರೆ ನೀರು ಕಲಕುವ ಪಂಪು, ನಿಂತ ಟ್ಯಾಂಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುವುದಕ್ಕೆ ರೋಗವೇ ಬೇಕಿಲ್ಲ. ಏರ್‌ಸ್ಟೋನ್ ಹಾಕಿ, ಪವರ್‌ಹೆಡ್‌ನ ಮೂತಿಯನ್ನು ನೀರಿನ ಮೇಲ್ಮೈ ಕದಡುವಂತೆ ಮೇಲಕ್ಕೆ ತಿರುಗಿಸಿ ಇಪ್ಪತ್ತು ನಿಮಿಷ ಕಾದು ನೋಡಬೇಕು. ಉಸಿರಾಟ ಇಳಿಯಿತೆಂದರೆ ಕಾರಣ ಸಿಕ್ಕಿತು. ಬ್ಯಾಟರಿಯಲ್ಲಿ ಓಡುವ ಒಂದು ಗಾಳಿ ಪಂಪು ಮನೆಯಲ್ಲಿದ್ದರೆ ಮುಂದಿನ ಬಾರಿ ಈ ಪಾಡಿಲ್ಲ.

ಇಳಿಯದಿದ್ದರೆ ಅಳತೆಗಳಿಗೆ ಹೋಗಬೇಕು: ಉಷ್ಣತೆ, ಉಪ್ಪು, ಅಮೋನಿಯ, ಪಿಎಚ್, ಇದೇ ಸಾಲಿನಲ್ಲಿ. ಉಷ್ಣತೆ 25ರಿಂದ 27 ಡಿಗ್ರಿ, ಉಪ್ಪನ್ನು ತೋರಿಸುವ ಸಾಪೇಕ್ಷ ಸಾಂದ್ರತೆ 1.023ರಿಂದ 1.026, ಪಿಎಚ್ 8.0ರಿಂದ 8.4 ಇರಬೇಕು. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ಆರ್‌ಒ ನೀರಿನಲ್ಲಿ ಸೊನ್ನೆಗೆ ಕೂಡಿಸಿದರೆ ಸಾಲದು. 35 ಪಿಪಿಟಿಯ (ಸಾವಿರಕ್ಕೆ 35 ಪಾಲು ಉಪ್ಪಿನ) ದ್ರಾವಣದಲ್ಲಿ ಹೊಂದಿಸಿದರೆ ಮಾತ್ರ ನಮಗೆ ಬೇಕಾದ ಕಡೆ ಅದು ಸರಿಯಾಗಿ ತೋರಿಸುತ್ತದೆ. ಮುಳ್ಳು ಮೇಲೇಳುವ ಪ್ಲಾಸ್ಟಿಕ್ ಡಬ್ಬಿಯ ಹೈಡ್ರೋಮೀಟರ್‌ನಲ್ಲಿ ಮುಳ್ಳಿಗೆ ಅಂಟಿದ ಒಂದು ಗುಳ್ಳೆಯೇ ಲೆಕ್ಕ ತಪ್ಪಿಸಲು ಸಾಕು. ಫ್ಯಾನಿನಡಿಯ ಟ್ಯಾಂಕಿನಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಇಳಿದ ಮಟ್ಟಕ್ಕೆ ಸಿಹಿನೀರು ತುಂಬಬೇಕಾದ ಕಡೆ ಉಪ್ಪುನೀರು ತುಂಬಿ ಸಾಂದ್ರತೆ ಏರಿಸಿಕೊಂಡವರು ಕಡಿಮೆಯಿಲ್ಲ. ಕರಾವಳಿಯಲ್ಲಿದ್ದು ಕಡಲ ನೀರನ್ನೇ ತರುವವರಿಗೆ ಇದರ ತಿರುವುಮುರುವು: ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ತುಂಬಿ ಹರಿದು ಸೇರುವಾಗ ಮಂಗಳೂರಿನ ದಡದ ನೀರಿನ ಉಪ್ಪು ಇಳಿದಿರುತ್ತದೆ, ಕೆಸರೂ ಇರುತ್ತದೆ. ಆ ತಿಂಗಳುಗಳಲ್ಲಿ ಅಳೆಯದೆ ಒಂದು ಕ್ಯಾನ್ ನೀರನ್ನೂ ಟ್ಯಾಂಕಿಗೆ ಸುರಿಯಬಾರದು.

ಅಮೋನಿಯ ಕಂಡರೆ, ಅದು ಲೀಟರಿಗೆ 0.25 ಮಿಲಿಗ್ರಾಂ ಇದ್ದರೂ, ಆ ದಿನ ಊಟ ನಿಲ್ಲಿಸಿ ಮೂರನೇ ಒಂದು ಭಾಗ ನೀರು ಬದಲಿಸಬೇಕು. ಹೊಸ ನೀರಿನ ಉಪ್ಪು ಮತ್ತು ಉಷ್ಣತೆ ಹಳೆಯದಕ್ಕೆ ಸಮನಾಗಿರಬೇಕು. ಹೀಗೆ ಏಕಾಏಕಿ ಅಮೋನಿಯ ಏರಲು ಕಲ್ಲಿನ ಹಿಂದೆ ಸತ್ತು ಕೊಳೆಯುತ್ತಿರುವ ಬಸವನಹುಳುವೋ ಮೀನೋ ಕಾರಣವಾಗಿರುವುದು ಹೆಚ್ಚು. ತಲೆ ಎಣಿಸಿ ನೋಡಬೇಕು. ನೈಟ್ರೈಟ್ ವಿಷಯದಲ್ಲಿ ಮಾತ್ರ ಸಿಹಿನೀರಿನವರಷ್ಟು ಹೆದರಬೇಕಿಲ್ಲ. ಉಪ್ಪುನೀರಿನಲ್ಲಿ ತುಂಬಿರುವ ಕ್ಲೋರೈಡ್ ಕಿವಿರಿನ ಬಾಗಿಲಲ್ಲೇ ಅದನ್ನು ತಡೆಯುತ್ತದೆ.

ಅಳತೆಗಳೆಲ್ಲ ಸರಿ, ಆದರೂ ಎಲ್ಲವೂ ಒದ್ದಾಡುತ್ತಿವೆ ಎಂದಾಗ ವಿಷದ ಬಗ್ಗೆ ಯೋಚಿಸಬೇಕು. ಒಂದು ಸಂಜೆ ನನ್ನ ಟ್ಯಾಂಕಿನ ಸೀಗಡಿ ಬೆನ್ನ ಮೇಲೆ ಬಿದ್ದು ಕಾಲುಗಳನ್ನು ನಡುಗಿಸುತ್ತಿತ್ತು. ಗಂಟೆಯೊಳಗೆ ಡ್ಯಾಮ್ಸೆಲ್‌ಗಳು ಗಾಜಿಗೆ ಢಿಕ್ಕಿ ಹೊಡೆಯುತ್ತ ಸುತ್ತತೊಡಗಿದವು. ಅಮೋನಿಯ ಸೊನ್ನೆ, ಉಪ್ಪು ಸರಿ, ಉಷ್ಣತೆ ಸರಿ. ಕೊನೆಗೆ ಕಂಡದ್ದು ಟ್ಯಾಂಕಿನ ಕೆಳಗಿನ ಸ್ವಿಚ್ ಬೋರ್ಡಿನಲ್ಲಿ: ಗಾಳಿ ಪಂಪಿನ ಪಕ್ಕದ ಸಾಕೆಟ್ಟಿಗೆ ಆ ದಿನವಷ್ಟೇ ಸೊಳ್ಳೆ ಓಡಿಸುವ ದ್ರಾವಣದ ಮೆಷಿನ್ ಸಿಕ್ಕಿಸಿದ್ದೆವು. ಅದರಿಂದೇಳುವ ಆವಿಯನ್ನು ಪಂಪು ಎಳೆದುಕೊಂಡು ನೇರವಾಗಿ ನೀರಿಗೆ ಊದುತ್ತಿತ್ತು. ಸೊಳ್ಳೆ ಬತ್ತಿ, ದ್ರಾವಣ, ಜಿರಳೆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್‌ಗಳು ನಮಗೆ ಅಷ್ಟೇನೂ ಮಾಡದಿದ್ದರೂ ಮೀನಿಗೆ ಘೋರ ವಿಷ, ಸೀಗಡಿಗೆ ಇನ್ನೂ ಘೋರ. ಮೆಷಿನ್ ಕಿತ್ತು, ಪಂಪನ್ನು ಕಿಟಕಿಯ ಬಳಿಗೆ ಸರಿಸಿ, ಅರ್ಧ ನೀರು ಬದಲಿಸಿ, ಫಿಲ್ಟರಿಗೆ ಹೊಸ ಇದ್ದಿಲು ಹಾಕಿದ ಮೇಲೆ ಮೀನುಗಳು ಉಳಿದವು; ಸೀಗಡಿ ಉಳಿಯಲಿಲ್ಲ. ಬಣ್ಣ ಬಳಿದ ಗೋಡೆ, ಫಿನಾಯಿಲ್ ಕೈ, ಸೋಪಿನ ಬಕೆಟ್ ಇವೂ ಇದೇ ಪಟ್ಟಿಯವು. ಟ್ಯಾಂಕಿನ ಬಕೆಟ್ಟಿಗೆ ಬೇರೆ ಬಣ್ಣ ಇಟ್ಟು ಮನೆಯವರಿಗೆಲ್ಲ ಹೇಳಿಡುವುದು ಒಳ್ಳೆಯದು.

ತಂದ ದಿನವೇ ಹೊಸ ಮೀನು ನೆಲ ಹಿಡಿದಿದೆ

ದೂರದಿಂದ ಪ್ಯಾಕೆಟ್ಟಿನಲ್ಲಿ ಬಂದ ಮೀನಿಗೆ ಸಂಬಂಧಿಸಿದ ಈ ವಿಷಯ ಗೊತ್ತಿಲ್ಲದೆ ಎಷ್ಟೋ ಮೀನುಗಳು ಸಾಯುತ್ತವೆ. ಹತ್ತು ಹನ್ನೆರಡು ಗಂಟೆ ಮುಚ್ಚಿದ ಪ್ಯಾಕೆಟ್ಟಿನಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ 7ರ ಕಡೆಗೆ ಇಳಿದಿರುತ್ತದೆ. ಆ ಪಿಎಚ್‌ನಲ್ಲಿ ಅಮೋನಿಯದ ಬಹುಪಾಲು ಅಪಾಯವಿಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ವಿಷರೂಪದ್ದು ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಪ್ಯಾಕೆಟ್ ಬಿಚ್ಚಿದೊಡನೆ ಅನಿಲ ಹಾರಿಹೋಗಿ ಪಿಎಚ್ ಏರುತ್ತದೆ, ಟ್ಯಾಂಕಿನ ನೀರು ತೊಟ್ಟು ತೊಟ್ಟಾಗಿ ಬೀಳಿಸಿದರಂತೂ ಇನ್ನೂ ಏರುತ್ತದೆ, ಅದುವರೆಗೆ ಸುಮ್ಮನಿದ್ದ ಅಮೋನಿಯದಲ್ಲಿ ನೂರಕ್ಕೆ ಏಳೆಂಟು ಪಾಲು ವಿಷವಾಗಿ ತಿರುಗುತ್ತದೆ. ನಿಧಾನವಾಗಿ ಹೊಂದಿಸಿದರೆ ಒಳ್ಳೆಯದೆಂದು ಎರಡು ಗಂಟೆ ತೊಟ್ಟಿಕ್ಕಿಸುವವರು ಆ ಎರಡು ಗಂಟೆ ಮೀನನ್ನು ಏರುತ್ತಿರುವ ವಿಷದಲ್ಲೇ ಇಟ್ಟಂತಾಗುತ್ತದೆ. ಮುಚ್ಚಿದ ಪ್ಯಾಕೆಟ್ಟನ್ನೇ ನೀರಿನ ಮೇಲೆ ಇಪ್ಪತ್ತು ನಿಮಿಷ ತೇಲಿಬಿಟ್ಟು ಉಷ್ಣತೆ ಹೊಂದಿಸಬೇಕು. ಬಿಚ್ಚಿದ ಕೂಡಲೇ ಅದರ ಉಪ್ಪಿನಂಶ ಅಳೆದು, ಅಷ್ಟೇ ಉಪ್ಪಿಗೆ ಮೊದಲೇ ತಯಾರಿಟ್ಟ ಕ್ವಾರಂಟೈನ್ ಟ್ಯಾಂಕಿಗೆ ಮೀನನ್ನು ಮಾತ್ರ ದಾಟಿಸಬೇಕು. ಪ್ಯಾಕೆಟ್ಟಿನ ನೀರು ಚರಂಡಿಗೆ.

ಮೈಮೇಲೆ ಬಿಳಿ ಚುಕ್ಕೆಗಳಿವೆ

ಬಿಳಿಯಾಗಿ ಕಾಣುವುದೆಲ್ಲ ಒಂದೇ ರೋಗವಲ್ಲ. ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ನಾಟುವುದೂ ಇಲ್ಲ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದು, ಬೆಳಕು ಮೀನಿನ ಮೈಯನ್ನು ಸವರಿಕೊಂಡು ಹೋಗುವಂತೆ ನೋಡಬೇಕು.

ರವೆ ಕಾಳಿನಂತೆ ಉಬ್ಬಿದ, ಎಣಿಸಲು ಬರುವ, ಒಂದೇ ಗಾತ್ರದ ಚುಕ್ಕೆಗಳು ರೆಕ್ಕೆಗಳ ಮೇಲೂ ಮೈಮೇಲೂ ಇದ್ದರೆ ಅದು ಕ್ರಿಪ್ಟೋಕ್ಯಾರಿಯಾನ್, ನಾವೆಲ್ಲ ಇಕ್ ಎನ್ನುವ ರೋಗ. ಹಿಟ್ಟು ಚಿಮುಕಿಸಿದಂತೆ, ಅದಕ್ಕೆ ಚೂರು ಅರಿಶಿನ ಬೆರೆತಂತೆ, ಎಣಿಸಲಾಗದಷ್ಟು ನವುರಾದ ಧೂಳು ಕಂಡರೆ ಅದು ಅಮೈಲೂಡಿನಿಯಂ, ಅಂದರೆ ವೆಲ್ವೆಟ್. ರೆಕ್ಕೆಯ ಅಂಚಿನಲ್ಲಿ ಹೂಕೋಸಿನ ತುಣುಕಿನಂತೆ ಗಂಟುಗಂಟಾಗಿ ಬೆಳೆದು ವಾರಗಟ್ಟಲೆ ಅಲ್ಲೇ ಇದ್ದರೆ ಅದು ಲಿಂಫೋಸಿಸ್ಟಿಸ್ ಎಂಬ ವೈರಸ್ಸಿನದು. ಔಷಧಿಯಿಲ್ಲ, ಬೇಕಾಗಿಯೂ ಇಲ್ಲ, ಒಳ್ಳೆಯ ನೀರು ಮತ್ತು ಊಟ ಕೊಟ್ಟರೆ ತಾನಾಗಿ ಉದುರುತ್ತದೆ. ಮರಳಿನ ಕಣ, ಗಾಳಿಗುಳ್ಳೆಗಳು ಹತ್ತು ನಿಮಿಷದಲ್ಲಿ ಜಾಗ ಬಿಡುತ್ತವೆ.

ಇಕ್ ಮತ್ತು ವೆಲ್ವೆಟ್‌ಗಳ ನಡುವಿನ ವ್ಯತ್ಯಾಸ ಗಂಟೆಗಳ ಲೆಕ್ಕದ್ದು. ಇಕ್ ಬಂದ ಮೀನು ಬಹುಮಟ್ಟಿಗೆ ಮೊದಮೊದಲು ತಿನ್ನುತ್ತದೆ, ಕಲ್ಲಿಗೆ ಮೈ ಉಜ್ಜುತ್ತದೆ, ನಮಗೆ ಯೋಚಿಸಲು ಒಂದೆರಡು ದಿನ ಕೊಡುತ್ತದೆ. ವೆಲ್ವೆಟ್ ಮೊದಲು ಹೊಗುವುದು ಕಿವಿರಿಗೆ. ಮೈಮೇಲೆ ಧೂಳು ಕಾಣಿಸುವಷ್ಟರಲ್ಲಿ ಕಿವಿರು ಹಾಳಾಗಿರುತ್ತದೆ. ಮೀನು ಊಟ ಬಿಟ್ಟು, ಬೆಳಕಿನಿಂದ ಮುಖ ತಿರುಗಿಸಿ, ಪವರ್‌ಹೆಡ್‌ನಿಂದ ಬರುವ ಹರಿವಿಗೆ ಎದುರಾಗಿ ನಿಂತು ಏದುಸಿರು ಬಿಡುತ್ತದೆ. ನೀರಿಗೆ ಬಿದ್ದ ಒಂದು ಕೋಶ 256 ಮರಿಗಳವರೆಗೆ ಒಡೆಯಬಲ್ಲದು. ಈ ಲಕ್ಷಣ ಕಂಡ ದಿನವೇ ಚಿಕಿತ್ಸೆ ಶುರುವಾಗಬೇಕು, ನಾಳೆ ನೋಡೋಣ ಎನ್ನುವಂತಿಲ್ಲ.

ಇಕ್ ವಿಷಯದಲ್ಲಿ ಜನ ಎಡವುವ ಜಾಗ ಒಂದೇ. ಚುಕ್ಕೆಗಳು ನಾಲ್ಕೈದು ದಿನಕ್ಕೆ ಮಾಯವಾಗುತ್ತವೆ, ಹಾಕಿದ ಬೆಳ್ಳುಳ್ಳಿ ರಸವೋ ನೀಲಿ ಔಷಧಿಯೋ ಕೆಲಸ ಮಾಡಿತೆಂದು ಸಮಾಧಾನವಾಗುತ್ತದೆ, ಎರಡು ವಾರಕ್ಕೆ ಹತ್ತು ಪಟ್ಟು ಚುಕ್ಕೆಗಳೊಂದಿಗೆ ರೋಗ ತಿರುಗಿ ಬರುತ್ತದೆ. ಆದದ್ದಿಷ್ಟೇ: ಆ ಪರಾವಲಂಬಿ ಮೀನಿನ ಮೈಯಲ್ಲಿರುವುದೇ 3ರಿಂದ 7 ದಿನ. ಹೊಟ್ಟೆ ತುಂಬಿದ ಮೇಲೆ ಕತ್ತಲ ಹೊತ್ತಿನಲ್ಲಿ ಉದುರಿ, ಮರಳಿಗೋ ಕಲ್ಲಿಗೋ ಅಂಟಿ, ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಆ ಕೋಶದೊಳಗೆ ಒಡೆದು ನೂರಾರಾಗಿ ಮರಳಿ ಈಜಿಕೊಂಡು ಬರುತ್ತದೆ. ಕೋಶಗಳು ಹೆಚ್ಚಾಗಿ 3ರಿಂದ 28 ದಿನದೊಳಗೆ ಒಡೆದರೂ 72 ದಿನ ತಡೆದು ಒಡೆದದ್ದೂ ಪ್ರಯೋಗಗಳಲ್ಲಿ ದಾಖಲಾಗಿದೆ. ಕೋಶಕ್ಕೆ ಯಾವ ಔಷಧಿಯೂ ನಾಟುವುದಿಲ್ಲ. ಹೀಗಾಗಿ ಕ್ರಮ ಎರಡು ಕಡೆ ನಡೆಯಬೇಕು: ಎಲ್ಲ ಮೀನುಗಳನ್ನೂ, ಚುಕ್ಕೆ ಕಾಣದವನ್ನೂ ಸೇರಿಸಿ, ಬೇರೆ ಟ್ಯಾಂಕಿಗೆ ಎತ್ತಿ ಚಿಕಿತ್ಸೆ ಮಾಡಬೇಕು, ದೊಡ್ಡ ಟ್ಯಾಂಕನ್ನು ಒಂದೂ ಮೀನಿಲ್ಲದೆ 76 ದಿನ ಬಿಡಬೇಕು. ಕೊನೆಯ ಮೀನು ಎತ್ತಿದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡದಿದ್ದರೆ ಐವತ್ತನೆಯ ದಿನಕ್ಕೇ ಮನಸ್ಸು ಸೋಲುತ್ತದೆ.

ಚಿಕಿತ್ಸೆಯಲ್ಲಿ ಅಗ್ಗದ್ದು ಟ್ಯಾಂಕ್ ಬದಲಿಸುವ ವಿಧಾನ, ಅದೂ ಇಕ್ ಒಂದಕ್ಕೆ ಮಾತ್ರ. ಎರಡು ಪ್ಲಾಸ್ಟಿಕ್ ಟಬ್, ಎರಡು ಏರ್‌ಸ್ಟೋನ್ ಇದ್ದರೆ ಸಾಕು. 72 ಗಂಟೆ ತುಂಬುವ ಮುನ್ನ ಮೀನನ್ನು ಹೊಸ ನೀರಿನ ಟಬ್ಬಿಗೆ ದಾಟಿಸುವುದು, ಹಳೆಯ ಟಬ್ ಮತ್ತು ಅದರ ಸಾಮಾನನ್ನೆಲ್ಲ ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸುವುದು, ಹೀಗೆ ನಾಲ್ಕು ಸಲ. ಉದುರಿದ ಕೋಶ ಒಡೆಯುವ ಮೊದಲೇ ಮೀನು ಜಾಗ ಬಿಟ್ಟಿರುತ್ತದೆ. ಬೆನ್ನು ನೋಯುವ ಕೆಲಸ ನಿಜ, ಆದರೆ ಮೀನಿನ ಮೈಗೆ ಯಾವ ವಿಷವೂ ತಾಗುವುದಿಲ್ಲ. ಉಪ್ಪನ್ನು 1.009ಕ್ಕೆ ಇಳಿಸಿ ಕೊನೆಯ ಚುಕ್ಕೆ ಹೋದ ಮೇಲೂ 30 ದಿನ ಹಾಗೇ ಇಡುವ ವಿಧಾನವೂ ಇದೆ. ವೆಲ್ವೆಟ್ಟಿಗೆ ಅದು ಏನೂ ಮಾಡುವುದಿಲ್ಲವಾದ್ದರಿಂದ ಯಾವ ರೋಗವೆಂಬ ಅನುಮಾನ ಇರುವವರೆಗೆ ಅದರ ಗೊಡವೆ ಬೇಡ.

ಎರಡಕ್ಕೂ ಆಗುವುದು ತಾಮ್ರ. ತಾಮ್ರದ ಔಷಧಿಯಲ್ಲಿ ಎರಡು ಬಗೆಯಿದ್ದು, ಅಳತೆಯಲ್ಲಿ ಹತ್ತು ಪಟ್ಟು ವ್ಯತ್ಯಾಸವಿದೆ: ಸಾದಾ ಅಯಾನಿಕ್ ತಾಮ್ರ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ಚೀಲೇಟೆಡ್ (ಬೇರೆ ಅಣುವಿಗೆ ಕಟ್ಟಿಟ್ಟ) ತಾಮ್ರ 1.5ರಿಂದ 2.5 ಮಿಲಿಗ್ರಾಂ. ಬಾಟಲಿಯ ಮೇಲೆ ಯಾವ ಬಗೆಯೆಂದು ಓದದೆ, ಆ ಬಗೆಗೆ ಹೊಂದುವ ಟೆಸ್ಟ್ ಕಿಟ್ ಇಲ್ಲದೆ ಇದಕ್ಕೆ ಕೈ ಹಾಕಲೇಬಾರದು. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತವೂ ತಾಮ್ರವೇ ತಾನೇ ಎಂದು ಮಲೆನಾಡಿನ ಗೆಳೆಯರೊಬ್ಬರು ಕೇಳಿದ್ದರು. ತಾಮ್ರವೇ ಹೌದು, ಆದರೆ 40 ಲೀಟರಿನ ಟ್ಯಾಂಕಿಗೆ ಬೇಕಾಗುವುದು ಅದರ ಸುಮಾರು 31 ಮಿಲಿಗ್ರಾಂ. ಬೆರಳಲ್ಲಿ ಹಿಡಿದ ಒಂದು ಚಿಟಿಕೆ ಅದರ ಹತ್ತು ಪಟ್ಟು ತೂಗುತ್ತದೆ. ತಾಮ್ರವನ್ನು ಎರಡು ಮೂರು ದಿನಗಳಲ್ಲಿ ಮೆಲ್ಲಗೆ ಏರಿಸಿ, ದಿನವೂ ಅಳೆದು, 30 ದಿನ ಒಂದೇ ಮಟ್ಟದಲ್ಲಿ ಇಡಬೇಕು. ಆ ಟ್ಯಾಂಕಿನಲ್ಲಿ ಕಲ್ಲು, ಮರಳು, ಇದ್ದಿಲು ಇರಬಾರದು, ಅವು ತಾಮ್ರ ಹೀರುತ್ತವೆ. ಅಮೋನಿಯ ಬಂಧಿಸುವ ದ್ರಾವಣವನ್ನು ತಾಮ್ರದ ಜೊತೆ ಹಾಕಬಾರದು. ದೊಡ್ಡ ಟ್ಯಾಂಕಿಗೆ ತಾಮ್ರ ಬಿದ್ದರೆ ಸೀಗಡಿ, ಬಸವನಹುಳುಗಳ ಕಥೆ ಅಲ್ಲಿಗೆ ಮುಗಿಯಿತು.

ಏದುಸಿರಿದೆ, ಮೈಮೇಲೆ ಏನೂ ಇಲ್ಲ

ಒಂದೇ ಮೀನು, ನೀರು ಸರಿ, ಚುಕ್ಕೆಯಿಲ್ಲ; ಆದರೂ ಒಂದೇ ಕಿವಿರಿನಿಂದ ಉಸಿರಾಡುತ್ತಿದೆ, ತಲೆ ಕೊಡವುತ್ತಿದೆ, ಕಣ್ಣು ಮಸುಕಾಗಿದೆ. ಇದು ಫ್ಲೂಕ್ ಎಂಬ ಚಪ್ಪಟೆ ಹುಳುವಿನ ಲಕ್ಷಣ. ಈ ಹುಳುಗಳು ಮೀನಿನ ಮೈಮೇಲಿದ್ದಾಗ ಗಾಜಿನಂತೆ ಪಾರದರ್ಶಕ, ಕಣ್ಣಿಗೆ ಬೀಳುವುದಿಲ್ಲ. ಅವನ್ನು ಕಾಣಿಸುವುದು ಸಿಹಿನೀರಿನ ಸ್ನಾನ, ಇದು ಪರೀಕ್ಷೆಯೂ ಹೌದು, ತಾತ್ಕಾಲಿಕ ಚಿಕಿತ್ಸೆಯೂ ಹೌದು.

ಒಂದು ಕಪ್ಪು ಬಕೆಟ್ಟಿಗೆ ಐದಾರು ಲೀಟರ್ ಆರ್‌ಒ ನೀರು ತುಂಬಬೇಕು. ಉಷ್ಣತೆ ಟ್ಯಾಂಕಿನಷ್ಟೇ ಇರಬೇಕು, ಅಡಿಗೆ ಸೋಡಾ ಚೂರುಚೂರಾಗಿ ಹಾಕಿ ಪಿಎಚ್ಅನ್ನು 8ರ ಮೇಲಕ್ಕೆ ತರಬೇಕು, ಅರ್ಧ ಗಂಟೆ ಗಾಳಿ ಬಿಟ್ಟಿರಬೇಕು. ಮೀನನ್ನು ಬಿಟ್ಟ ಮೊದಲ ಅರ್ಧ ನಿಮಿಷ ಅದು ಒದ್ದಾಡುತ್ತದೆ, ಆಮೇಲೆ ಮಗ್ಗುಲಾಗಿ ಮಲಗಲೂಬಹುದು. ಕಿವಿರು ಆಡುತ್ತಿರುವವರೆಗೆ ಕೈ ಹಾಕದೆ ಗಡಿಯಾರ ನೋಡುತ್ತ ಕಾಯಬೇಕು. ಉಸಿರು ನಿಂತಂತೆ ಕಂಡರೆ ಆ ಕ್ಷಣವೇ ಎತ್ತಬೇಕು. ಮೂರನೇ ನಿಮಿಷದ ಹೊತ್ತಿಗೆ, ಫ್ಲೂಕ್ ಇದ್ದದ್ದೇ ಆದರೆ, ಬಕೆಟ್ಟಿನ ಕಪ್ಪು ತಳದ ಮೇಲೆ ಬಿಳಿ ಎಳ್ಳು ಚೆಲ್ಲಿದಂತೆ ಅವು ಬಿದ್ದಿರುತ್ತವೆ. ಮೊದಲ ಸಲ ನೋಡಿದಾಗ ಅಷ್ಟು ಚಿಕ್ಕ ಮೀನಿನ ಮೈಮೇಲೆ ಅಷ್ಟೊಂದು ಹೇಗಿದ್ದವು ಎನಿಸುತ್ತದೆ. ಐದು ನಿಮಿಷಕ್ಕೆ ಮೀನನ್ನು ಹೊರತೆಗೆಯಬೇಕು. ಮುಂದಿನದು ಪ್ರಾಜಿಕ್ವಾಂಟೆಲ್, ಲೀಟರಿಗೆ 2ರಿಂದ 2.5 ಮಿಲಿಗ್ರಾಂ, ಮೊಟ್ಟೆಗಳಿಗೆ ಅದು ನಾಟದ ಕಾರಣ ವಾರದೊಳಗೆ ಇನ್ನೊಂದು ಸಲ. ನಾಯಿಗೆ ಕೊಡುವ ಜಂತುಮಾತ್ರೆಯಲ್ಲಿ ಬೇರೆ ಔಷಧಿಗಳೂ ಬೆರೆತಿರುತ್ತವೆ, ಅದನ್ನು ಪುಡಿ ಮಾಡಿ ಹಾಕಬಾರದು.

ಬಕೆಟ್ಟಿನಲ್ಲಿ ಏನೂ ಬೀಳದೆ ಏದುಸಿರು ಮುಂದುವರಿದರೆ ವೆಲ್ವೆಟ್ ಕಿವಿರಿನಲ್ಲಿದೆ ಎಂದೇ ತಿಳಿದು ನಡೆಯುವುದು ಕ್ಷೇಮ.

ಮೈಮೇಲೆ ಲೋಳೆ, ಚರ್ಮ ಸುಲಿದಂತಿದೆ

ಕ್ಲೌನ್ ಮೀನಿನಲ್ಲಿ ಇದು ಹೆಚ್ಚು. ಬಣ್ಣ ಮಾಸಿ, ಬೂದು ಲೋಳೆ ಪದರಪದರವಾಗಿ ಕಳಚಿ ನೇತಾಡುತ್ತಿದ್ದರೆ ಬ್ರೂಕ್ಲಿನೆಲ್ಲ ಎಂಬ ಏಕಕೋಶ ಜೀವಿ ಕಾರಣ. ಇದಕ್ಕೆ ತಾಮ್ರ ನಾಟುವುದಿಲ್ಲ. ನಾಟುವುದು ಫಾರ್ಮಲಿನ್, ಆದರೆ ಅದು ಕ್ಯಾನ್ಸರ್ ತರಬಲ್ಲ ರಾಸಾಯನಿಕ, ನೀರಿನ ಆಮ್ಲಜನಕವನ್ನೂ ಇಳಿಸುತ್ತದೆ, ಬಿಸಿ ನೀರಿನಲ್ಲಿ ಇನ್ನಷ್ಟು ಉಗ್ರವಾಗುತ್ತದೆ. ಹಳೆಯ ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂತಿದ್ದರೆ ಅದು ಮೀನಿಗೆ ಮಾರಕ. ಮಕ್ಕಳಿರುವ ಮನೆಯಲ್ಲಿ, ಮುಚ್ಚಿದ ಕೋಣೆಯಲ್ಲಿ, ಗ್ಲೌಸ್ ಇಲ್ಲದೆ ಇದನ್ನು ಬಳಸಬಾರದು. ಅಳತೆಯನ್ನು ಮೀನಿನ ರೋಗ ಬಲ್ಲ ಪಶುವೈದ್ಯರಿಂದಲೇ ಕೇಳಿ ತಿಳಿಯಬೇಕು. ಅವರು ಸಿಗುವವರೆಗೆ ಸಿಹಿನೀರಿನ ಸ್ನಾನ ಒಂದಿಷ್ಟು ಉಸಿರು ಕೊಡುತ್ತದೆ.

ಕಣ್ಣು ಊದಿದೆ

ಒಂದೇ ಕಣ್ಣಾದರೆ ಪೆಟ್ಟು. ಬಲೆಯಲ್ಲಿ ಹಿಡಿಯುವಾಗಲೋ ಕಲ್ಲಿಗೆ ತಾಗಿಯೋ ಆದದ್ದು. ನೀರು ಚೆನ್ನಾಗಿಟ್ಟು ಎರಡು ಮೂರು ವಾರ ಬಿಟ್ಟರೆ ಇಳಿಯುತ್ತದೆ. ಎರಡೂ ಕಣ್ಣು ಊದಿದ್ದರೆ, ಜೊತೆಗೆ ಹೊಟ್ಟೆ ಉಬ್ಬಿ ಹುರುಪೆಗಳು ನಿಮಿರಿದ್ದರೆ, ಒಳಗಿನ ಬ್ಯಾಕ್ಟೀರಿಯಾ ಸೋಂಕು. ಅದು ಮನೆಯಲ್ಲಿ ಮಾಡುವ ಚಿಕಿತ್ಸೆಯ ಹದ್ದು ಮೀರಿದ್ದು.

ಕೆಂಪು ಹುಣ್ಣು, ಕೊಳೆತ ರೆಕ್ಕೆ

ರೆಕ್ಕೆ ಹರಿದಿದ್ದರೂ ಅಂಚು ಶುಭ್ರವಾಗಿದ್ದರೆ ಕಚ್ಚಿದ್ದು. ಅಪರಾಧಿಯನ್ನು ಹಿಡಿಯಲು ದೀಪ ಆರುವ ಹೊತ್ತಿನಲ್ಲಿ, ಮಲಗುವ ಜಾಗಕ್ಕಾಗಿ ಜಗಳ ನಡೆಯುವಾಗ ನೋಡಬೇಕು. ಡ್ಯಾಮ್ಸೆಲ್ ಮೇಲೆ ನನ್ನ ಅನುಮಾನ ಯಾವಾಗಲೂ ಇರುತ್ತದೆ. ಅಂಚು ಬಿಳಿಯಾಗಿ ನಾರುನಾರಾಗಿ ದಿನದಿಂದ ದಿನಕ್ಕೆ ಒಳಗೆ ಸರಿಯುತ್ತಿದ್ದರೆ ಸೋಂಕು. ಹಸಿರು ಕ್ರೋಮಿಸ್ ಮೀನಿನ ಪಕ್ಕೆಯಲ್ಲಿ ಹುರುಪೆಯ ಕೆಳಗೆ ರಕ್ತ ಹೆಪ್ಪುಗಟ್ಟಿದಂಥ ಕೆಂಪು ಕಲೆ ಕಂಡರೆ ಅದು ಯುರೋನೆಮ ಎಂಬ ಏಕಕೋಶ ಪರಾವಲಂಬಿ ಆಗಿರುವ ಸಾಧ್ಯತೆ ಹೆಚ್ಚು. ಅದು ಮಾಂಸದೊಳಗೆ ಇಳಿಯುವಂಥದ್ದು, ಉಳಿಯುವ ಮೀನು ಕಡಿಮೆ. ಇದನ್ನು ಮುಚ್ಚಿಟ್ಟು ಭರವಸೆ ಕೊಡುವುದರಲ್ಲಿ ಅರ್ಥವಿಲ್ಲ.

ತಿನ್ನುತ್ತಿಲ್ಲ, ಅಥವಾ ತಿಂದರೂ ಸೊರಗುತ್ತಿದೆ

ಮೀನನ್ನು ಎದುರಿನಿಂದ ನೋಡಿದರೆ ತಲೆಯ ಹಿಂದೆ ಬೆನ್ನು ಗುಳಿಬಿದ್ದು ಕತ್ತಿಯಂತೆ ತೋರುತ್ತಿದ್ದರೆ ಅದು ಬಹುದಿನದ ಉಪವಾಸ. ಮ್ಯಾಂಡರಿನ್ ಮೀನು ಕಲ್ಲಿನ ಸಂದಿಯ ಸಣ್ಣ ಜೀವಿಗಳನ್ನಷ್ಟೇ ತಿನ್ನುವಂಥದ್ದು, ಸಣ್ಣ ಟ್ಯಾಂಕಿನಲ್ಲಿ ಯಾವ ರೋಗವೂ ಇಲ್ಲದೆ ಹಸಿದು ಸಾಯುತ್ತದೆ. ಚೆನ್ನಾಗಿ ತಿಂದೂ ಸೊರಗುತ್ತ, ಬಿಳಿ ದಾರದಂಥ ಮಲ ಎಳೆದುಕೊಂಡು ಓಡಾಡುತ್ತಿದ್ದರೆ ಹೊಟ್ಟೆಯ ಪರಾವಲಂಬಿ ಇರಬಹುದು. ಅದಕ್ಕೆ ಔಷಧಿ ಸೇರಬೇಕಾದದ್ದು ಊಟದಲ್ಲಿ, ನೀರಿನಲ್ಲಲ್ಲ.

ಎಲ್ಲಿ ನಿಲ್ಲಬೇಕು, ಯಾರಿಗೆ ತೋರಿಸಬೇಕು

24 ಗಂಟೆಯೊಳಗೆ ಎರಡು ಮೀನು ಸತ್ತರೆ, ಒಂದು ಚಿಕಿತ್ಸೆ ಶುರುವಾದ ಮೇಲೂ ಉಸಿರು ಏರುತ್ತಲೇ ಹೋದರೆ, ಅಥವಾ ಎರಡನೇ ಔಷಧಿಯನ್ನು ಮೊದಲನೆಯದರ ಮೇಲೆ ಸುರಿಯುವ ಯೋಚನೆ ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಮುಂದಿನದನ್ನು ಹೇಳಬೇಕಾದ್ದು ಸೂಕ್ಷ್ಮದರ್ಶಕ. ಕಿವಿರಿನ ಚೂರೊಂದನ್ನು 100 ಪಟ್ಟು ಹಿಗ್ಗಿಸಿ ನೋಡಿದರೆ ನಮ್ಮ ಊಹೆಗಳೆಲ್ಲ ಐದು ನಿಮಿಷದಲ್ಲಿ ಇತ್ಯರ್ಥವಾಗುತ್ತವೆ: ದುಂಡಗೆ ಕಪ್ಪಗೆ ಮೆಲ್ಲಗೆ ಉರುಳುವುದು ಇಕ್, ಪೇರಳೆ ಹಣ್ಣಿನ ಆಕಾರದಲ್ಲಿ ಅಲುಗಾಡದೆ ಕಚ್ಚಿಕೊಂಡಿರುವುದು ವೆಲ್ವೆಟ್, ಅವರೆಕಾಳಿನಂತೆ ಬಾಗಿ ಅಂಚಿನಲ್ಲಿ ತೆವಳುವುದು ಬ್ರೂಕ್ಲಿನೆಲ್ಲ. ಮೀನನ್ನೇ ಓದಿದ ಪಶುವೈದ್ಯರು ಸಿಗುವುದು ಕಷ್ಟ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ಇದೆ; ಹತ್ತಿರವಿರುವವರು ಮೊದಲು ಫೋನ್ ಮಾಡಿ ಕೇಳಿಕೊಂಡು ಹೋಗಬಹುದು.

ನಮ್ಮ ಕೈಯ ಮಾತೂ ಇದೆ. ಬೆರಳಿನಲ್ಲಿ ಗಾಯವಿದ್ದಾಗ ಬರಿಗೈಯಲ್ಲಿ ಟ್ಯಾಂಕಿಗಿಳಿಯಬಾರದು. ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಬ್ಯಾಕ್ಟೀರಿಯಾ ಗಾಯದ ಮೂಲಕ ಹೊಕ್ಕು, ವಾರಗಳ ಮೇಲೆ ಕೈಯಲ್ಲಿ ಮಾಯದ ಗಂಟುಗಳಾಗಿ ಏಳುತ್ತದೆ. ವೈದ್ಯರಿಗೆ ಮನೆಯಲ್ಲಿ ಅಕ್ವೇರಿಯಂ ಇದೆಯೆಂದು ನಾವೇ ಹೇಳದಿದ್ದರೆ ಅವರಿಗೆ ಹೊಳೆಯುವುದು ತಡವಾಗುತ್ತದೆ. ಲಯನ್‌ಫಿಶ್ ಮುಳ್ಳು ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿಯಾದ, ಸುಮಾರು 45 ಡಿಗ್ರಿಯ ನೀರಿನಲ್ಲಿ ಕೈ ಅದ್ದಿಕೊಂಡೇ ಆಸ್ಪತ್ರೆಗೆ ಹೊರಡಬೇಕು.

ಉಳಿಯದ ಮೀನನ್ನು ಟಾಯ್ಲೆಟ್ಟಿಗೆ ಹಾಕುವುದು, ಕೆರೆಗೋ ಕಡಲಿಗೋ ಬಿಡುವುದು ಎರಡೂ ತಪ್ಪು. ನರಳಿಸದೆ ಮುಗಿಸಲು ಲವಂಗದ ಎಣ್ಣೆಯ ದ್ರಾವಣವನ್ನು ಬಳಸುವ ರೂಢಿಯಿದೆ, ವೈದ್ಯರು ವಿಧಾನ ಹೇಳುತ್ತಾರೆ. ಪರೀಕ್ಷೆಗೆ ಒಯ್ಯುವುದಾದರೆ ಸತ್ತ ಮೀನಿಗಿಂತ ಬದುಕಿರುವ ಕಾಯಿಲೆಯ ಮೀನು ಮೇಲು, ಏಕೆಂದರೆ ಸತ್ತ ಮೈಯನ್ನು ಪರಾವಲಂಬಿಗಳು ಬೇಗ ಬಿಟ್ಟುಹೋಗುತ್ತವೆ. ಆಗಷ್ಟೇ ಸತ್ತದ್ದಾದರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಬೇಕು, ಫ್ರೀಜರಿನಲ್ಲಲ್ಲ. ಹೆಪ್ಪುಗಟ್ಟಿದರೆ ಕಿವಿರಿನಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಜೊತೆಗೆ ಬೇರೆ ಬಾಟಲಿಯಲ್ಲಿ ಅರ್ಧ ಲೀಟರ್ ಟ್ಯಾಂಕಿನ ನೀರು, ಮೀನು ಈಜುತ್ತಿದ್ದಾಗ ತೆಗೆದ ಒಂದು ನಿಮಿಷದ ವಿಡಿಯೊ, ಇದುವರೆಗೆ ಯಾವ ದಿನ ಏನೇನು ಹಾಕಿದ್ದೇವೆಂಬ ಚೀಟಿ ಇರಬೇಕು. ಆ ಚೀಟಿಯಲ್ಲಿ ನೀಲಿ ಔಷಧಿಯ ಅರ್ಧ ಮುಚ್ಚಳವನ್ನೂ ಬರೆಯಬೇಕು.